ಹಿತ್ತಾಳೆ ಹೂವಿನ ಹರಿಗೋಲು

ಹೊಳೆಯ ದಂಡೆಯ ಮೇಲೆ ಕೊಡಗನಹಾಳು ಎಂಬ ಪುಟ್ಟ ಸಂಸ್ಥಾನವಿತ್ತು. ಅದನ್ನು ಆಳುತ್ತಿದ್ದವನು ಕೆಂಚನಾಯಕ. ಆ ಊರಿನ ಕಡವಿನಲ್ಲಿ, ಅಂದರೆ ಜನ ಹೊಳೆ ದಾಟುವ ಜಾಗದಲ್ಲಿ, ಹರಿಗೋಲು ಹೆಣೆದು, ತಾನೇ ನಡೆಸಿ ಬದುಕುತ್ತಿದ್ದವಳು ಅಂಬಿಗರ ಗಾಳೆವ್ವ.

ಹರಿಗೋಲು ಅಂದರೆ ಗೊತ್ತಲ್ಲ? ದೊಡ್ಡ ಬುಟ್ಟಿಯಂಥ ದೋಣಿ. ಬಿದಿರಿನ ಸೀಳುಗಳನ್ನು ಹೆಣೆದು, ಹೊರಗಿನಿಂದ ತೊಗಲು ಬಿಗಿದು, ಆ ತೊಗಲಿಗೆ ಚೆನ್ನಾಗಿ ಎಣ್ಣೆ ಕುಡಿಸಿ ಒಣಗಿಸುತ್ತಾರೆ. ನೋಡಲು ಏನೇನೂ ಚಂದವಿಲ್ಲ. ಆದರೆ ಹತ್ತು ಹನ್ನೆರಡು ಜನರನ್ನು ಹೊತ್ತು ಹೊಳೆ ದಾಟಿಸುತ್ತದೆ. ಹರಿಗೋಲಿನಿಂದ ಅದಕ್ಕಿಂತ ಹೆಚ್ಚಿಗೆ ಏನು ಬೇಕು?

ಗಾಳೆವ್ವನಿಗೆ ಅರವತ್ತರ ಹತ್ತಿರ ವಯಸ್ಸು. ಮಾತು ಕಡಿಮೆ. ಆಡಿದರೆ ಕಡ್ಡಿ ಮುರಿದ ಹಾಗೆ. ಊರಿನ ಹೆಣ್ಣುಮಕ್ಕಳು ದಿನಾ ಬೆಳಿಗ್ಗೆ ತಲೆಯ ಮೇಲೆ ಬುತ್ತಿ ಹೊತ್ತು ಆಚೆ ದಡದ ಗದ್ದೆಗಳಿಗೆ ಕೆಲಸಕ್ಕೆ ಹೋಗುತ್ತಿದ್ದರು. ಅವರನ್ನು ದಾಟಿಸಿ, ಸಂಜೆ ಮತ್ತೆ ಈಚೆ ದಡಕ್ಕೆ ತಂದು ಬಿಡುವುದು ಅವಳ ಕೆಲಸ. ಇಪ್ಪತ್ತೆಂಟು ವರ್ಷಗಳಲ್ಲಿ ಅವಳ ಹರಿಗೋಲಿನಿಂದ ಒಂದು ಬುತ್ತಿಗಂಟು ಕೂಡ ನೀರಿಗೆ ಬಿದ್ದಿರಲಿಲ್ಲ.

ಆ ಕಡವಿನಲ್ಲಿ ಒಂದು ಕಟ್ಟಳೆ ಇತ್ತು. ಅದನ್ನು ಮಾಡಿದವನು ಕೆಂಚನಾಯಕನ ಮುತ್ತಜ್ಜ. ಅವನ ಕಾಲದಲ್ಲಿ ಒಂದು ಹೊಸ ಹರಿಗೋಲು ನಡುಹೊಳೆಯಲ್ಲಿ ಮುಳುಗಿ ಒಂಬತ್ತು ಜನ ಸತ್ತಿದ್ದರು. ಮೊದಲು ಆ ಹರಿಗೋಲನ್ನು ನೋಡಿ ಭೇಷ್ ಭೇಷ್ ಅಂದಿದ್ದವರೆಲ್ಲ ದಡದ ಮೇಲೆ ಸುಖವಾಗಿ ನಿಂತಿದ್ದರು. ಮುದುಕನಿಗೆ ಅದು ಸಹಿಸಲಾಗಲಿಲ್ಲ. "ಇನ್ನು ಮೇಲೆ ಹೊಸ ಹರಿಗೋಲು ನೋಡಿ ಯಾರು ಚೆನ್ನಾಗಿದೆ ಅನ್ನುತ್ತಾರೋ, ಅದು ಮೊದಲ ಸಲ ಹೊಳೆ ದಾಟುವಾಗ ಹೆಣೆದವರ ಜೊತೆ ಅವರೂ ಕೂರಬೇಕು. ಕೂರುವ ಧೈರ್ಯ ಇಲ್ಲದವರು ಬಾಯಿ ಮುಚ್ಚಿಕೊಂಡು ಮನೆಗೆ ಹೋಗಬೇಕು" ಅಂದ.

ಹೀಗಾಗಿ ಆ ಕಡವಿನ ಜನ ಹೊಗಳುವ ವಿಷಯದಲ್ಲಿ ಬಲು ಜಿಪುಣರು. ಮದುವೆ ಊಟ ಹೇಗಿತ್ತು ಅಂದರೆ "ನೋಡೋಣ" ಅನ್ನುತ್ತಿದ್ದರು. ಉಂಡು ಕೈ ತೊಳೆದ ಮೇಲೆ ನೋಡುವುದೇನು ಅಂತ ಕೇಳಿದರೆ ಅದಕ್ಕೂ "ನೋಡೋಣ" ಅನ್ನುತ್ತಿದ್ದರು. ಒಂದು ವಸ್ತು ನಿಜವಾಗಿ ಮನಸ್ಸಿಗೆ ಬಂದಾಗ ಮಾತ್ರ ಅವರ ಬಾಯಿಂದ ಒಂದು ಮಾತು ಹೊರಡುತ್ತಿತ್ತು. "ಕುಂದರ್ತೀನಿ." ಕೂರುತ್ತೇನೆ ಅಂತ ಅರ್ಥ. ಅದಕ್ಕಿಂತ ದೊಡ್ಡ ಮೆಚ್ಚುಗೆ ಅವರ ಹತ್ತಿರ ಇರಲಿಲ್ಲ.

ಅರಮನೆಯ ಕಥೆಯೇ ಬೇರೆ. ಕೆಂಚನಾಯಕ ಕೆಟ್ಟವನಲ್ಲ. ಕೈಯಲ್ಲಿ ಕಸುಬಿತ್ತು, ಮನಸ್ಸಿನಲ್ಲಿ ಜನರ ಮೇಲೆ ಪ್ರೀತಿಯೂ ಇತ್ತು. ಕಿವಿ ಮಾತ್ರ ಸ್ವಲ್ಪ ಹಸಿದ ಕಿವಿ. ಹೊಗಳಿಕೆ ಎಷ್ಟು ಸುರಿದರೂ ಅದಕ್ಕೆ ಸಾಲುತ್ತಿರಲಿಲ್ಲ. ಹೀಗಾಗಿ ಅವನ ಸುತ್ತ ಹನ್ನೆರಡು ಜನ ಸೇರಿಕೊಂಡಿದ್ದರು. ನಾಯಕ ಸೀನಿದರೆ "ಎಂಥ ಗಂಭೀರ ನಾದ!" ಅನ್ನುವುದು, ಎಡವಿದರೆ "ಭೂಮಿತಾಯಿಗೆ ದೊರೆಗಳು ನಮಸ್ಕರಿಸಿದರು!" ಅನ್ನುವುದು, ಇಷ್ಟೇ ಅವರ ಉದ್ಯೋಗ. ಅದಕ್ಕೆ ಎರಡು ಹೊತ್ತು ಊಟ, ವರ್ಷಕ್ಕೊಂದು ಜರಿಪಂಚೆ. ಅವರಿಗೆಲ್ಲ ಹಿರಿಯ ಮುದ್ದುವೀರಪ್ಪ.

ಇಂಥವರಿಗೆ ನಮ್ಮಲ್ಲಿ ಹೆಸರುಗಳಿಗೆ ಬರವೇ? ಹೊಗಳುಭಟ್ಟ ಅನ್ನುತ್ತೇವೆ. ಭಟ್ಟಂಗಿ ಅನ್ನುತ್ತೇವೆ. ಬಾಲಬಡುಕ ಅನ್ನುತ್ತೇವೆ. ಈಗಿನವರು ಚಮಚಾ ಅನ್ನುತ್ತಾರೆ, ಬಕೆಟ್ ಹಿಡಿಯುವವನು ಅನ್ನುತ್ತಾರೆ. ಒಂದೇ ಪ್ರಾಣಿಗೆ ಇಷ್ಟೊಂದು ಹೆಸರು ಏಕೆ ಬಂತು ಅಂದರೆ, ಆ ಪ್ರಾಣಿ ಇಲ್ಲದ ಊರಿಲ್ಲ.

ಒಂದು ಬೆಳಿಗ್ಗೆ ಈ ಮುದ್ದುವೀರಪ್ಪ ಹೊಳೆ ದಾಟಲು ಬಂದ. ಹೆಣ್ಣುಮಕ್ಕಳು ಸಾಲಾಗಿ ನಿಂತು ಕಾಯುತ್ತಿದ್ದರು. ಹಿಂದೆ ನಿಲ್ಲಲು ಅವನಿಗೆ ಮನಸ್ಸಿಲ್ಲ. ನೇರವಾಗಿ ಗಾಳೆವ್ವನ ಹತ್ತಿರ ಬಂದು ಕೈ ಮುಗಿದು ನಕ್ಕ.

"ಗಾಳೆವ್ವ, ನಿನ್ನ ಕೈ ಕೈಯಲ್ಲ ತಾಯಿ, ಸಾಕ್ಷಾತ್ ಗಂಗಾಮಾತೆಯ ಹಸ್ತ. ನಿನ್ನ ಹರಿಗೋಲು ಪುಷ್ಪಕವಿಮಾನ. ಅದರಲ್ಲಿ ಮೊದಲು ಕಾಲಿಡುವ ಭಾಗ್ಯ ನನಗೆ ಸಿಗಲಿ."

ಗಾಳೆವ್ವ ತಲೆ ಎತ್ತಲಿಲ್ಲ. "ಹೊಗಳುಭಟ್ಟರಿಗೆ ಇಲ್ಲಿ ಬ್ಯಾರೆ ಸಾಲಿಲ್ಲಪಾ. ಹೋಗಿ ಹಿಂದ ನಿಂದರು" ಅಂದಳು.

ಹೆಣ್ಣುಮಕ್ಕಳು ಸೆರಗು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ. ಮುದ್ದುವೀರಪ್ಪ ಹೊಳೆ ದಾಟದೆ ತಿರುಗಿ ಅರಮನೆಗೆ ಓಡಿದ. "ದೊರೆಗಳೇ, ಅವಳು ಬೈದದ್ದು ನನ್ನನ್ನಲ್ಲ. ತಮ್ಮ ಗುಣವನ್ನು ಕಂಡು ಆನಂದಪಡುವವರನ್ನು ಹೀಗೆ ಕರೆದರೆ, ತಮಗೆ ಆ ಗುಣವೇ ಇಲ್ಲ ಎಂದಂತಾಯಿತು!" ಎಂದು ಕಣ್ಣೀರು ಹಾಕಿದ.

ನಾಯಕನಿಗೆ ಚುರುಕ್ಕೆಂದಿತು. ಅಂದೇ ಊರಲ್ಲಿ ಡಂಗುರ ಹೊಡೆಸಿದ. "ಹೊಗಳುಭಟ್ಟ, ಭಟ್ಟಂಗಿ, ಬಾಲಬಡುಕ, ಈ ಮೂರು ಮಾತುಗಳನ್ನು ಇನ್ನು ಯಾರೂ ಆಡಕೂಡದು. ಅಂಥವರನ್ನು ಗುಣಗ್ರಾಹಿಗಳು ಎಂದು ಕರೆಯತಕ್ಕದ್ದು. ತಪ್ಪಿದವರು ಅರಮನೆಯ ಬಾಗಿಲಲ್ಲಿ ನಿಂತು ನೂರೊಂದು ಸಲ ಬಹುಪರಾಕ್ ಹೇಳತಕ್ಕದ್ದು!"

ಜನರ ನಾಲಿಗೆಗೆ ಹೀಗೆ ಬೀಗ ಹಾಕಲು ಆಗುತ್ತದೆಯೇ? ಮಾರನೆಯ ದಿನವೇ ಊರಿನವರು ಅವರನ್ನು ಬೆಣ್ಣೆ ಹಚ್ಚುವವರು ಅಂದರು. ಅರಮನೆ ಅದನ್ನೂ ನಿಷೇಧಿಸಿತು. ತುಪ್ಪ ಸವರುವವರು ಅಂದರು. ಅದೂ ಹೋಯಿತು. ಹೂಂಗುಟ್ಟುವವರು, ತಾಳ ಹಾಕುವವರು, ಜೀಹುಜೂರಿಗಳು, ಹೀಗೆ ದಿನಕ್ಕೊಂದು ಹುಟ್ಟಿತು. ಡಂಗುರದವನ ಪಟ್ಟಿ ಉದ್ದವಾಗುತ್ತಾ ಹೋಯಿತು. ಪಾಪ, ಯಾವ ಯಾವ ಮಾತು ಆಡಬಾರದು ಅಂತ ಅವನು ದಿನಾ ಬೀದಿ ಬೀದಿಯಲ್ಲಿ ಅಷ್ಟನ್ನೂ ಗಟ್ಟಿಯಾಗಿ ಕೂಗಬೇಕು. ಜನ ಹೊಸ್ತಿಲಲ್ಲಿ ನಿಂತು, "ಇನ್ನೊಂದ್ಸಲ ಹೇಳಪಾ, ಸರಿಯಾಗಿ ಕೇಳಸ್ಲಿಲ್ಲ" ಅನ್ನುತ್ತಿದ್ದರು. ಅವನೂ ಇನ್ನೊಂದು ಸಲ ಹೇಳುತ್ತಿದ್ದ. ಅವನಿಗೂ ಖುಷಿಯೇ.

ಗಾಳೆವ್ವ ಮಾತ್ರ ಹೊಸ ಹೆಸರು ಹುಡುಕುವ ಗೋಜಿಗೆ ಹೋಗಲಿಲ್ಲ. ಹಳೆಯದನ್ನೇ ಅಂದಳು. ಅಂದದ್ದಕ್ಕೆ ಅರಮನೆಯ ಬಾಗಿಲಿಗೆ ಹೋಗಿ ನಿಂತು, ನೂರೊಂದು ಸಲ ಬಹುಪರಾಕ್ ಹೇಳಿ, ಮುಗಿದ ಮೇಲೆ ಕಾವಲಿನವನಿಗೆ, "ಲೆಕ್ಕ ಸರಿ ಬಂತೇನಪಾ? ಒಳಗಿರೋ ಹೊಗಳುಭಟ್ಟರಿಗೂ ಒಂದು ಮಾತು ತಿಳಿಸು" ಅಂದಳು. ಅದಕ್ಕೆ ಮತ್ತೆ ನೂರೊಂದು ಆಯಿತು. ಅವಳು ಅದನ್ನೂ ಹೇಳಿ ಮುಗಿಸಿ, ಸೆರಗು ಕೊಡವಿಕೊಂಡು ಕಡವಿಗೆ ಹೋದಳು.

ಹೀಗಿರುವಾಗ ಕೆಂಚನಾಯಕನಿಗೆ ಒಂದು ಆಸೆ ಹುಟ್ಟಿತು. ದಿನಾ ಮಹಡಿಯ ಮೇಲಿಂದ ಗಾಳೆವ್ವನ ಹರಿಗೋಲು ನೋಡಿ ನೋಡಿ, ತಾನೂ ಒಂದನ್ನು ಹೆಣೆಯಬೇಕು ಅನ್ನಿಸಿತು. ಬಿದಿರು ತರಿಸಿದ. ಅಂಗಳದಲ್ಲಿ ಕೂತು ತಾನೇ ಸೀಳಿದ, ತಾನೇ ಹೆಣೆದ. ಹೇಳಿದೆನಲ್ಲ, ಅವನ ಕೈಯಲ್ಲಿ ಕಸುಬಿತ್ತು. ಹದಿನೈದು ದಿನಕ್ಕೆ ಒಂದು ಒಳ್ಳೆಯ ಬುಟ್ಟಿ ಎದ್ದು ನಿಂತಿತು. ತೊಗಲು ಬಿಗಿದದ್ದೂ ಆಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮುದ್ದುವೀರಪ್ಪ ಬಂದು ನೋಡಿದ. "ಆಹಾ! ಇದು ಹರಿಗೋಲಲ್ಲ ದೊರೆಗಳೇ, ಹೊಳೆಗಿಳಿದ ಚಂದ್ರ!" ಅಂದ. ನಾಯಕ ಹಿಗ್ಗಿ, ಚಂದ್ರ ಅಂದ ಮೇಲೆ ಹೊಳಪು ಬೇಡವೇ ಎಂದು ಅಂಚಿನ ಸುತ್ತ ಹಿತ್ತಾಳೆಯ ಒಂದು ಸಾಲು ಹೂವು ಹೊಡೆಸಿದ. ಇನ್ನೊಬ್ಬ ಬಂದು, "ಅಂಚೇ ಇಷ್ಟು ಚಂದ, ಇನ್ನು ಮೈ ತುಂಬಾ ಇದ್ದರೆ!" ಅಂದ. ನಾಯಕ ಮೈ ತುಂಬಾ ಹೊಡೆಸಿದ. ಮತ್ತೊಬ್ಬ ಒಳಗೆ ಇಣುಕಿ, "ದೊರೆಗಳ ಪಾದ ಬೀಳುವ ತಳದಲ್ಲಿ ಒಂದು ಕಮಲ ಇಲ್ಲವಲ್ಲ!" ಎಂದು ನಿಟ್ಟುಸಿರು ಬಿಟ್ಟ. ತಳದಲ್ಲೊಂದು ದೊಡ್ಡ ಕಮಲವೂ ಅರಳಿತು. ಹನ್ನೆರಡು ಜನರು ಹನ್ನೆರಡು ದಿನ ಹೊಗಳಿದರು. ಹೂವಿನ ಮೇಲೆ ಹೂವು ಏರಿತು.

ಹಿತ್ತಾಳೆಯ ಹೂವು ತಾನಾಗಿ ಅಂಟಿಕೊಳ್ಳುತ್ತದೆಯೇ? ಒಂದೊಂದಕ್ಕೂ ಒಂದೊಂದು ಮೊಳೆ. ಒಂದೊಂದು ಮೊಳೆಗೂ ತೊಗಲಿನಲ್ಲಿ ಒಂದೊಂದು ತೂತು. ತೂತಿಗೆ ಜೇನುಮೇಣ ತುಂಬಿದರಾಯಿತು ಅಂದ ಮುದ್ದುವೀರಪ್ಪ. ಅವನು ಹೊಳೆಯನ್ನು ಕಂಡದ್ದು ದಡದಿಂದ ಮಾತ್ರ.

ನಾಯಕ ಗಾಳೆವ್ವನಿಗೆ ಹೇಳಿ ಕಳಿಸಿದ. ಅವಳು ಬಂದು ಅಂಗಳದಲ್ಲಿ ನಿಂತಳು. ಬಿಸಿಲಿಗೆ ಹರಿಗೋಲು ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು.

"ಏನಂತೀ ಗಾಳೆವ್ವ?" ಅಂದ ನಾಯಕ. ಹೊಗಳಿಕೆಗೆ ಅಷ್ಟು ಪಳಗಿದ್ದರೂ ಅವಳ ಮುಂದೆ ಅವನಿಗೆ ಅಳುಕಿತ್ತು. ಕೆಲಸ ಬಲ್ಲವಳು ಅವಳೊಬ್ಬಳೇ ಎಂದು ಅವನ ಒಳಮನಸ್ಸಿಗೆ ಗೊತ್ತಿತ್ತು.

ಗಾಳೆವ್ವ ಬಾಗಿ ನೋಡಿದಳು. ಬಿದಿರಿನ ಹೆಣಿಗೆಯ ಮೇಲೆ ಕೈಯಾಡಿಸಿದಳು. ಒಂದು ಕ್ಷಣ ಅವಳ ಮುಖ ಸಡಿಲವಾಯಿತು. ಆಮೇಲೆ ತೊಗಲಿನ ಮೇಲೆ ಬೆರಳಿಟ್ಟು ಮೊಳೆಗಳನ್ನು ಒಂದೊಂದಾಗಿ ಮುಟ್ಟುತ್ತಾ ಸುತ್ತು ಬಂದಳು. ಮುಖ ಮತ್ತೆ ಬಿಗಿಯಿತು.

"ನೋಡೋಣ" ಅಂದಳು.

"ನೋಡೋದೇನು? ನಾಳೆಯಿಂದ ಕೆಲಸದ ಹೆಣ್ಣುಮಕ್ಕಳು ಇದರಲ್ಲೇ ದಾಟಲಿ. ನನಗೆ ಒಬ್ಬನಿಗೇ ಅಂತ ಮಾಡಿದ್ದಲ್ಲ. ಅವರೂ ಒಂದು ದಿನ ಚಂದದ್ದರಲ್ಲಿ ಕೂರಲಿ. ನೀನೇ ನಡೆಸು."

ನಾಯಕ ಅದನ್ನು ಪ್ರೀತಿಯಿಂದಲೇ ಹೇಳಿದ್ದ. ಗಾಳೆವ್ವ ಮನಸ್ಸಿನಲ್ಲೇ ಎಣಿಸಿದಳು. ಹನ್ನೊಂದು ಜನ ಹೆಣ್ಣುಮಕ್ಕಳು. ಅವರಲ್ಲಿ ಇಬ್ಬರು ಬಸುರಿಯರು. ಈಜು ಬಲ್ಲವಳು ಒಬ್ಬಳೂ ಇಲ್ಲ.

"ನಾಯಕ್ರ, ಇದು ಹೊಳಿ ದಾಟಾಂಗಿಲ್ಲ" ಅಂದಳು.

ಹನ್ನೆರಡು ಬಾಯಿಗಳು ಒಮ್ಮೆಲೇ ಹೋ ಎಂದವು. ಮುದ್ದುವೀರಪ್ಪ ಮುಂದೆ ಬಂದ. "ಹೊಟ್ಟೆಕಿಚ್ಚು ದೊರೆಗಳೇ! ತನ್ನ ಹಳೆಯ ಬುಟ್ಟಿಯನ್ನು ಇನ್ನು ಯಾರೂ ಮೂಸುವುದಿಲ್ಲ ಎಂಬ ಹೊಟ್ಟೆಕಿಚ್ಚು!"

ನಾಯಕನ ಮುಖ ಕೆಂಪಾಯಿತು. "ನಾಳೆ ಬೆಳಿಗ್ಗೆ ಹುಟ್ಟು ಹಾಕಿದರೆ ಕಡವು ನಿನ್ನದು. ಹಾಕದಿದ್ದರೆ ಬೇರೆ ಅಂಬಿಗನನ್ನು ನೋಡಿಕೊಳ್ಳುತ್ತೇನೆ."

"ಆಗಲಿ" ಅಂದಳು ಗಾಳೆವ್ವ. ಯಾವುದಕ್ಕೆ ಆಗಲಿ ಅಂದಳೆಂದು ಯಾರಿಗೂ ತಿಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ಊರಿಗೆ ಊರೇ ಕಡವಿನಲ್ಲಿ ಸೇರಿತು. ಮೇಲ್ಗಡೆ ಮಳೆಯಾಗಿ ಹೊಳೆ ಎರಡಾಳು ಆಳ ಬಂದಿತ್ತು. ಹಿತ್ತಾಳೆ ಹೂವಿನ ಹರಿಗೋಲನ್ನು ನಾಲ್ಕು ಜನ ಹೊತ್ತು ತಂದು ನೀರಿನ ಅಂಚಿನಲ್ಲಿ ಇಟ್ಟರು. ಹನ್ನೊಂದು ಹೆಣ್ಣುಮಕ್ಕಳು ಬುತ್ತಿ ಹೊತ್ತು ನಿಂತಿದ್ದರು. ದೊರೆಯ ಅಪ್ಪಣೆ, ಹತ್ತದೆ ಗತಿಯಿಲ್ಲ. ಅವರು ಗಾಳೆವ್ವನ ಮುಖ ನೋಡುತ್ತಿದ್ದರು.

ಗಾಳೆವ್ವ ಬಂದಳು. ತನ್ನ ಹುಟ್ಟನ್ನು ಅಡ್ಡ ಹಿಡಿದು, ಹೆಣ್ಣುಮಕ್ಕಳಿಗೂ ಹೊಸ ಹರಿಗೋಲಿಗೂ ನಡುವೆ ನಿಂತಳು.

"ಒಬ್ಬಾಕೀನೂ ಹತ್ತಬ್ಯಾಡ್ರವ್ವ" ಅಂದಳು.

ನಾಯಕ ಮುಂದೆ ಬಂದ. "ಗಾಳೆವ್ವ! ಕಡವು ಕಳಕೋತೀಯ!"

"ಕಡವು ನಿಮ್ಮದು, ತಗೋರಿ. ಈ ಹುಡುಗ್ಯಾರು ನನ್ನ ಮಂದಿ. ಇಪ್ಪತ್ತೆಂಟು ವರ್ಷ ಇವರ ಬುತ್ತಿ ತೋಯಿಸಿಲ್ಲ ನಾನು. ಇವತ್ತು ಇವರನ್ನ ತೋಯಿಸಾಂಗಿಲ್ಲ."

"ನನ್ನ ಹರಿಗೋಲನ್ನು ಇಷ್ಟು ಜನ ಮೆಚ್ಚಿದ್ದಾರೆ. ನೀನೊಬ್ಬಳೇ ಬೇಡ ಅನ್ನುತ್ತೀಯಲ್ಲ!"

"ಮೆಚ್ಚ್ಯಾರಲ್ಲ?" ಗಾಳೆವ್ವನ ದನಿ ಏರಿತು. ಕಡವಿನವರು ಅವಳ ದನಿ ಅಷ್ಟು ಏರಿದ್ದನ್ನು ಕೇಳಿರಲಿಲ್ಲ. "ಬಾಳ ಚಲೋ ಆತು. ಹಂಗಾದ್ರ ಕಟ್ಟಳಿ ನಡೀಲಿ. ಇದು ನಾ ಮಾಡಿದ್ದಲ್ಲ, ನಿಮ್ಮ ಮುತ್ತಜ್ಜ ಮಾಡಿದ್ದು. ಚಲೋ ಐತಿ ಅಂದವರು ಮೊದಲು ಕುಂದರಬೇಕು. ಕರೀರಿ ನಿಮ್ಮ ಹೊಗಳುಭಟ್ಟರನ್ನ. ಒಬ್ಬರಲ್ಲ, ಹನ್ನೆರಡೂ ಮಂದಿ ಕುಂದರ್ಲಿ. ಆಚಿ ದಡ ಮುಟ್ಟಿ ಬಂದ್ರ, ನಾನ ಈ ಹರಿಗೋಲಿಗೆ ಕೈ ಮುಗಿದು ಊರು ಬಿಡ್ತೀನಿ."

ಡಂಗುರದವನು ಅಭ್ಯಾಸಬಲದಿಂದ, ನಿಷೇಧದ ಮಾತು ಬಂತೆಂದು ಡಂಗುರ ಹೊಡೆಯಲು ಕೋಲೆತ್ತಿದ. ಯಾರೋ ಅವನ ಕೈ ಹಿಡಿದುಕೊಂಡರು.

ಕೆಂಚನಾಯಕನಿಗೆ ಮುತ್ತಜ್ಜನ ಹೆಸರು ತಾಗಿತು. ಅದೂ ಅಲ್ಲದೆ, ಇದರಲ್ಲಿ ಕಷ್ಟವೇನು ಅಂದುಕೊಂಡ. ಹನ್ನೆರಡು ದಿನ ಹಾಡಿ ಹೊಗಳಿದವರು ಕುಣಿಯುತ್ತಾ ಹತ್ತುತ್ತಾರೆ ಅಂತಲೇ ನಂಬಿದ್ದ. "ಬನ್ನಿ, ಎಲ್ಲರೂ ಕೂರಿ. ಇವಳ ಬಾಯಿ ಮುಚ್ಚಿಸಿ" ಎಂದು ನಕ್ಕ.

ಯಾರೂ ಅಲುಗಲಿಲ್ಲ.

"ಮುದ್ದುವೀರಪ್ಪ?"

ಮುದ್ದುವೀರಪ್ಪ ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದ. "ದೊರೆಗಳೇ, ಇದು ದೇವಲೋಕದ ವಸ್ತು. ಆ ಕಮಲದ ಮೇಲೆ ನನ್ನ ಧೂಳಿನ ಕಾಲು ಇಡುವುದೇ? ಶಾಂತಂ ಪಾಪಂ!"

"ನೀನು?"

"ನನಗೆ ನಿನ್ನೆಯಿಂದ ಹೊಟ್ಟೆನೋವು ದೊರೆಗಳೇ. ತಮ್ಮ ಹರಿಗೋಲಿನ ಚಂದ ನೋಡಿ ನೋಡಿ ಊಟವೇ ಮರೆತುಬಿಟ್ಟೆ."

"ನೀನು?"

"ನಾನು ಹತ್ತಿಬಿಟ್ಟರೆ ದಡದಿಂದ ಅದರ ಸೌಂದರ್ಯ ನೋಡಿ ವರ್ಣಿಸುವವರು ಯಾರು?"

ಹೀಗೆ ಒಬ್ಬೊಬ್ಬರೂ ಒಂದೊಂದು ಹೇಳಿದರು. ಬೇಡ ಅನ್ನುವಾಗಲೂ ಹೊಗಳುವುದನ್ನು ಬಿಡಲಿಲ್ಲ. ಹನ್ನೆರಡನೆಯವನು ಮಾತೇ ಆಡದೆ ಜನರ ನಡುವೆ ನುಸುಳಿಕೊಂಡ. ಹೆಣ್ಣುಮಕ್ಕಳ ಕಡೆಯಿಂದ ಕಿಸಕ್ಕೆಂದು ಒಂದು ನಗು ಕೇಳಿತು.

ಕೆಂಚನಾಯಕ ಅವರನ್ನೆಲ್ಲ ನೋಡಿದ. ಆಮೇಲೆ ತಾನು ಹೆಣೆದ ಹರಿಗೋಲನ್ನು ನೋಡಿದ. ನಾಚಿಕೆಗೋ ಸಿಟ್ಟಿಗೋ ಅವನ ಕಿವಿ ಸುಡುತ್ತಿತ್ತು. ಆದರೆ ಅವನೂ ಆ ಮುತ್ತಜ್ಜನ ಮರಿಮಗನೇ.

"ಯಾರೂ ಬೇಡ. ಹೆಣೆದವನು ನಾನು, ನಾನು ಕೂರುತ್ತೇನೆ" ಎಂದು ಇನ್ನೊಂದು ಹುಟ್ಟು ತೆಗೆದುಕೊಂಡು ಒಳಗೆ ಕಾಲಿಟ್ಟ.

"ನಾಯಕ್ರ, ಈಜು ಬರ್ತೈತೇನು?" ಅಂದಳು ಗಾಳೆವ್ವ.

"ಇಲ್ಲ."

"ಹುಚ್ಚು ಧೈರ್ಯ" ಎಂದು ಗೊಣಗಿಕೊಂಡಳು. ಆದರೆ ಆ ಕ್ಷಣದಲ್ಲಿ ಅವಳಿಗೆ ಅವನ ಮೇಲೆ ಮೊದಲ ಸಲ ಪ್ರೀತಿ ಬಂತು. ಓಡಿ ಹೋಗಿ ತನ್ನ ಹಳೆಯ ಕರಿ ಹರಿಗೋಲನ್ನು ನೀರಿಗೆ ತಳ್ಳಿದಳು. ಅವನ ಬಗಲಿಗೇ ಹುಟ್ಟು ಹಾಕತೊಡಗಿದಳು.

ಹಿತ್ತಾಳೆ ಹೂವಿನ ಹರಿಗೋಲು ಮೊದಲು ಚೆನ್ನಾಗಿಯೇ ಹೋಯಿತು. ಬಿಸಿಲಿಗೆ ಮಿರಮಿರ ಮಿಂಚಿತು. ದಡದ ಮೇಲೆ ಹನ್ನೆರಡು ಜನರಿಗೂ ಜೀವ ಬಂತು. "ಬಹುಪರಾಕ್! ಬಹುಪರಾಕ್!" ಎಂದರು. ನಡುಹೊಳೆಯ ಸೆಳವು ಸಿಕ್ಕಾಗ ಹರಿಗೋಲು ಬಾಗಿತು. ಹರಿಗೋಲು ಅಂದರೆ ಬಾಗಲೇಬೇಕು, ಬಾಗುವುದಕ್ಕೇ ಅದನ್ನು ಬಿದಿರಿನಲ್ಲಿ ಹೆಣೆಯುವುದು. ಆದರೆ ತೂತಿನೊಳಗೆ ಗಟ್ಟಿಯಾಗಿದ್ದ ಮೇಣ ಬಾಗಲಿಲ್ಲ. ಅದು ಬಿರಿದು ಉದುರಿತು. ಒಂದು ಹೂವಿನಿಂದ ಸಣ್ಣಗೆ ನೀರು ಚಿಮ್ಮಿತು. ಆಮೇಲೆ ಇನ್ನೊಂದರಿಂದ. ಆಮೇಲೆ ತಳದ ಕಮಲವೇ ಬಾಯಿಬಿಟ್ಟಿತು.

ದಡದಿಂದ ಮುದ್ದುವೀರಪ್ಪನಿಗೆ ನೀರು ಚಿಮ್ಮುವುದಷ್ಟೇ ಕಂಡಿತು. ಅವನು ಎರಡೂ ಕೈ ಎತ್ತಿ ಕೂಗಿದ. "ಆಹಾ! ಕಾರಂಜಿ! ದೊರೆಗಳು ಹೊಳೆಯ ನಡುವೆ ಕಾರಂಜಿ ಚಿಮ್ಮಿಸಿದರು! ಕಂಡಿದ್ದೀರಾ ಇಂಥ ಚಮತ್ಕಾರ?"

"ಬಹುಪರಾಕ್! ಬಹುಪರಾಕ್!" ಎಂದರು ಉಳಿದವರು.

ನಾಯಕನ ಮೊಣಕಾಲಿಗೆ ನೀರು ಬಂತು. ತೊಡೆಗೆ ಬಂತು. ಅವನು ಕೈಯಲ್ಲಿ ನೀರು ಮೊಗೆದು ಚೆಲ್ಲುತ್ತಿದ್ದ. ಸಾವು ಸೊಂಟದವರೆಗೆ ಬಂದಿರುವಾಗ ದಡದಿಂದ ಬಹುಪರಾಕು ಕೇಳುತ್ತಿತ್ತು. ಇಷ್ಟು ವರ್ಷ ಅವನಿಗೆ ಜೇನಿನಂತೆ ಇಳಿಯುತ್ತಿದ್ದ ಅದೇ ದನಿ, ಅದೇ ಮಾತು. ಕೆಂಚನಾಯಕ ತಿರುಗಿ ನಿಂತು, ಇಡೀ ಹೊಳೆಗೆ ಕೇಳುವಂತೆ ಗಂಟಲು ಹರಿದು ಕೂಗಿದ.

"ಲೇ ಹೊಗಳುಭಟ್ಟರಾ! ನಾ ಮುಳುಗಾಕತ್ತೀನಲೇ!"

ಆ ಕ್ಷಣಕ್ಕೆ ಹರಿಗೋಲು ಅವನ ಕಾಲಡಿಯಿಂದ ಜಾರಿತು. ಗಾಳೆವ್ವ ತನ್ನ ಹುಟ್ಟನ್ನು ಚಾಚಿದಳು. ಅವನು ಹಿಡಿದುಕೊಂಡ. ಅವಳು ಅವನ ಜರಿ ರುಮಾಲು, ಕೂದಲು, ಕೈಗೆ ಸಿಕ್ಕಿದ್ದನ್ನು ಹಿಡಿದು ಎಳೆದು ತನ್ನ ಕರಿ ಹರಿಗೋಲಿನೊಳಗೆ ಹಾಕಿಕೊಂಡಳು. ಹಿತ್ತಾಳೆಯ ಹೂವುಗಳೆಲ್ಲ ಒಮ್ಮೆ ಫಳಫಳ ಹೊಳೆದು ತಳ ಸೇರಿದವು.

ದಡಕ್ಕೆ ಬಂದಾಗ ಹನ್ನೆರಡು ಜನರಲ್ಲಿ ಒಬ್ಬನೂ ಅಲ್ಲಿರಲಿಲ್ಲ. ಡಂಗುರದವನೊಬ್ಬ ಕೋಲು ಹಿಡಿದು, ಏನು ಮಾಡಬೇಕೋ ತಿಳಿಯದೆ ನಿಂತಿದ್ದ.

ನಾಯಕ ತೊಟ್ಟಿಕ್ಕುವ ಬಟ್ಟೆಯಲ್ಲೇ ಅವನ ಮುಂದೆ ಹೋಗಿ ನಿಂತ. "ನಾನು ನಿಷೇಧದ ಮಾತು ಆಡಿದೆ. ಕೇಳಿಸಿತಲ್ಲ?"

"ಕೇಳಸ್ತು ದೊರಿ" ಅಂದ ಅವನು ಹೆದರುತ್ತಾ. "ಊರಿಗೆಲ್ಲ ಕೇಳಸ್ತು."

"ಹಾಗಾದರೆ ನೂರೊಂದು ಸಲ ಬಹುಪರಾಕ್ ನಾನೂ ಹೇಳಬೇಕು." ಅವನು ಗಾಳೆವ್ವನ ಕಡೆ ತಿರುಗಿ ಕೈ ಮುಗಿದು ಶುರು ಮಾಡಿಯೇ ಬಿಟ್ಟ. "ಬಹುಪರಾ..."

"ಸಾಕು ಬಿಡ್ರಿ" ಅಂದಳು ಗಾಳೆವ್ವ. "ಹೊಗಳಿಕಿ ನೀವು ತಿಂದು ನೋಡಿದ್ದು ಸಾಲ್ಲಿಲ್ಲಂತ ನನಗೂ ತಿನಸ್ತೀರೇನು? ಒಂದು ಮಾತು ಕೇಳ್ರಿ. ನಿಮ್ಮ ಹೆಣಿಗಿ ಕೆಟ್ಟಿರಲಿಲ್ಲ. ಬಿದಿರು ಹಿಡಿಯೋ ಕೈ ಐತಿ ನಿಮಗ. 'ಇಲ್ಲಿಗೆ ನಿಲ್ಸು' ಅಂತ ಹೇಳೋ ಒಬ್ಬ ಮನಿಷ್ಯಾ ಇರಲಿಲ್ಲ, ಅಷ್ಟ. ನಾಳೆ ಬೆಳಿಗ್ಗೆ ನಮ್ಮ ಅಂಗಳಕ್ಕ ಬರ್ರಿ."

ಕೆಂಚನಾಯಕ ಅಲ್ಲೇ ನಿಂತು ಅತ್ತ. ಅಷ್ಟು ವರ್ಷಗಳ ಹೊಗಳಿಕೆಯಲ್ಲಿ ತನ್ನ ಕೈಯ ಬಗ್ಗೆ ಅವನು ಕೇಳಿದ ಮೊದಲ ನಿಜವಾದ ಮಾತು ಅದು.

ಅವನು ಅಂದೇ ಎರಡು ಡಂಗುರ ಹೊಡೆಸಿದ. ನಿಷೇಧಿಸಿದ ಮಾತುಗಳನ್ನೆಲ್ಲ ಜನರಿಗೆ ವಾಪಸು ಕೊಟ್ಟ. ಕಡವಿನ ಕಟ್ಟಳೆ ಇನ್ನು ಮೇಲೆ ಅರಮನೆಗೂ ಅನ್ವಯ ಅಂದ. ದೊರೆಯ ಅಡುಗೆ ಹೊಗಳಿದವನು ಅದನ್ನೇ ಉಣ್ಣಬೇಕು, ದೊರೆ ಕಟ್ಟಿಸಿದ ಮನೆ ಹೊಗಳಿದವನು ಅದರ ಮಾಳಿಗೆಯ ಕೆಳಗೇ ಮಲಗಬೇಕು. ಆಮೇಲೆ ಒಂದು ತಿಂಗಳು ಅರಮನೆಯಲ್ಲಿ ಸೂಜಿ ಬಿದ್ದರೂ ಕೇಳುತ್ತಿತ್ತಂತೆ. ಮುದ್ದುವೀರಪ್ಪ ಪಕ್ಕದ ಸಂಸ್ಥಾನಕ್ಕೆ ಹೋದ. ಅಲ್ಲಿ ಹೊಳೆಯಿಲ್ಲ ಎಂದು ವಿಚಾರಿಸಿಕೊಂಡೇ ಹೋದನಂತೆ.

ಮೂರು ತಿಂಗಳು ಕೆಂಚನಾಯಕ ದಿನಾ ಗಾಳೆವ್ವನ ಅಂಗಳದಲ್ಲಿ ಕೂತ. ಎರಡು ಸಲ ಅವಳು ಅವನ ಹೆಣಿಗೆಯನ್ನು ಪೂರ್ತಿ ಬಿಚ್ಚಿಸಿದಳು. ಅವನು ಸಿಟ್ಟಾಗಿ ಎದ್ದು ಹೋದ, ಮಾರನೆಯ ದಿನ ಮತ್ತೆ ಬಂದ. ಮೂರನೆಯದು ಮುಗಿಯಿತು. ಕರ್ರಗಿನ, ಬೋಳು, ಏನೇನೂ ಚಂದವಿಲ್ಲದ ಹರಿಗೋಲು.

ಗಾಳೆವ್ವ ಅದನ್ನು ನಾಲ್ಕು ಕಲ್ಲಿನ ಮೇಲೆ ಇಡಿಸಿದಳು. ಒಳಗೆ ನೀರು ತುಂಬಿಸಿದಳು. ಸಂಜೆ ತುಂಬಿದ ನೀರು, ಮಾರನೆಯ ಬೆಳಿಗ್ಗೆಯವರೆಗೆ ಹಾಗೇ ಇತ್ತು. ಅವಳು ಅದರ ಕೆಳಗೆ ನುಸುಳಿ, ಅಂಗೈಯಿಂದ ತಳವನ್ನೆಲ್ಲ ಸವರಿ ಹೊರಗೆ ಬಂದಳು. ಅಂಗೈ ನೋಡಿಕೊಂಡಳು. ಒಂದು ಹನಿ ತೇವವೂ ಇರಲಿಲ್ಲ. ಕೆಂಚನಾಯಕ ಉಸಿರು ಬಿಗಿಹಿಡಿದು ನಿಂತಿದ್ದ.

ಗಾಳೆವ್ವ ಒಣ ಕೈಯನ್ನು ಅಭ್ಯಾಸಕ್ಕೆ ಸೆರಗಿಗೆ ಒರೆಸಿಕೊಂಡಳು.

"ಹೂಂ" ಅಂದಳು. "ಕುಂದರ್ತೀನಿ."

ಅವಳ ಹಿಂದೆ ಬುತ್ತಿ ಹೊತ್ತು ನಿಂತಿದ್ದ ಹೆಣ್ಣುಮಕ್ಕಳಲ್ಲಿ ಒಬ್ಬ ತುಂಬು ಬಸುರಿ ಮುಂದೆ ಬಂದು ಹರಿಗೋಲಿನ ಅಂಚಿಗೆ ಕೈಯಿಟ್ಟಳು. "ನಾನೂ ಕುಂದರ್ತೀನಿ" ಅಂದಳು.

ನೀತಿ: ಒಂದು ಮಾತನ್ನು ನಿಷೇಧಿಸಿದರೆ ಆ ಮಾತಿಗೆ ತಕ್ಕ ಜನ ಇಲ್ಲವಾಗುವುದಿಲ್ಲ. ಅವರನ್ನು ಅವರ ಹೆಸರಿನಿಂದ ಕರೆಯಲು ಹೆದರಬೇಡಿ. ನಿಮ್ಮನ್ನು ಯಾರಾದರೂ ಹೊಗಳಿದಾಗ ಅವರು ಏನು ಹೇಳಿದರು ಅನ್ನುವುದನ್ನು ಬಿಡಿ, ಎಲ್ಲಿ ನಿಂತು ಹೇಳಿದರು ಎಂದು ನೋಡಿ. ನೀವು ಮುಳುಗಿದರೆ ತಾನೂ ಮುಳುಗುವ ಜಾಗದಲ್ಲಿ ಕೂತು ಹೇಳಿದ ಒಂದು ಮಾತು ಸಾಕು. ದಡದ ಮೇಲಿನವರ ಬಹುಪರಾಕನ್ನು ಹೊಳೆಗೆ ಬಿಡಿ.